ಚಕ್ರವಿದ್ದ ದೋಟಿ

ಬೀರೂರು ಜಂಕ್ಷನ್

ಬೇರೆಯವರು ಫಾರಿನ್ನಿಗೆ ಓದಲಿಕ್ಕೆ ಹೋಗುತ್ತಾರೆ, ನೋಡಲಿಕ್ಕೆ ಹೋಗುತ್ತಾರೆ, ಹೋಗಿ ಬಂದೆವೆಂದು ಹೇಳಿಕೊಳ್ಳಲಿಕ್ಕೆ ಹೋಗುತ್ತಾರೆ. ನನ್ನನ್ನು ಸ್ಕಾಟ್ಲೆಂಡಿಗೆ ಕಳಿಸಿದ್ದು ಮೂಸಿ ನೋಡಲಿಕ್ಕೆ. ಒಂದು ಮನೆಯೊಳಗೆ ಹೋಗಿ, ಚೆನ್ನಾಗಿ ಉಸಿರೆಳೆದು, ಮೀನಿನ ವಾಸನೆ ಇದೆಯೋ ಇಲ್ಲವೋ ಎಂದು ತಿಳಿದುಕೊಂಡು ಬರಬೇಕೆಂದು ನಮ್ಮಕ್ಕನ ಅಪ್ಪಣೆಯಾಗಿತ್ತು.

ನಾನು ಪರಮೇಶಿ. ಅಜ್ಜಂಪುರದ ಬಸ್‌ಸ್ಟ್ಯಾಂಡಿನ ಹಿಂದೆ ತೋಟದ ಸಾಮಾನಿನ ಅಂಗಡಿ ಇಟ್ಟಿದ್ದೇನೆ. ಡ್ರಿಪ್ ಪೈಪು, ಸ್ಪ್ರೇಯರ್, ಕುಡುಗೋಲು, ಎಲ್ಲಕ್ಕಿಂತ ಹೆಚ್ಚಾಗಿ ದೋಟಿ. ದೋಟಿ ಅಂದರೆ ನೆಲದ ಮೇಲೆ ನಿಂತೇ ತೆಂಗಿನಕಾಯಿ, ಅಡಿಕೆಗೊನೆ ಕೀಳುವ ಉದ್ದನೆಯ ಕೋಲು. ಮೊದಲು ಬಿದಿರಿನದಿತ್ತು, ಆಮೇಲೆ ಅಲ್ಯೂಮಿನಿಯಂ ಬಂತು, ಈಗ ಕಾರ್ಬನ್ ಫೈಬರಿನದು. ಮರ ಹತ್ತುವವರು ಸಿಗದ ಈ ಕಾಲದಲ್ಲಿ ಕಡೂರು, ತರೀಕೆರೆ ಕಡೆಯ ತೋಟದವರು ನನ್ನ ಅಂಗಡಿಗೆ ಬಂದು ಕಾರ್ಬನ್ ದೋಟಿಯನ್ನು ಸೊಸೆಗೆ ಬಳೆ ಆರಿಸಿದ ಹಾಗೆ ಆರಿಸುತ್ತಾರೆ.

ನಮ್ಮಕ್ಕ ಗಂಗಮ್ಮನನ್ನು ಪಂಚನಹಳ್ಳಿಗೆ ಕೊಟ್ಟಿದೆ. ಅವಳ ಒಬ್ಬಳೇ ಮಗಳು ಶೈಲಾ. ಕುರಿ ಡಾಕ್ಟರು. ಕುರಿಗಳ ಕಾಲುಬೇನೆಯ ಬಗ್ಗೆ ಹೆಚ್ಚಿಗೆ ಓದುತ್ತೇನೆಂದು ಸ್ಕಾಟ್ಲೆಂಡಿಗೆ ಹೋದವಳು ಅಲ್ಲಿಯೇ ಕೆಲಸಕ್ಕೆ ಸೇರಿ, ಅಲ್ಲಿಯ ಹೈಸ್ಕೂಲು ಮೇಷ್ಟರೊಬ್ಬನನ್ನು ಮದುವೆಯಾಗುತ್ತೇನೆ ಎಂದಳು. ಹುಡುಗನ ಹೆಸರು ಇಯನ್. ಅಪ್ಪನ ಹೆಸರು ಡೂಗಲ್. ಅಕ್ಕ ಎರಡೇ ದಿನದಲ್ಲಿ ಅವರಿಬ್ಬರನ್ನೂ ಈರಣ್ಣ, ದುಗ್ಗಪ್ಪ ಎಂದು ಮಾಡಿ ಬೀದಿಯವರಿಗೆ ಪರಿಚಯ ಮಾಡಿಕೊಟ್ಟಿದ್ದಳು.

"ಬಿಳಿಯೋನೋ ಕರಿಯೋನೋ ನಂಗೇನೂ ಇಲ್ಲ ಕಣೋ ಪರಮೇಶಿ. ಹುಡ್ಗ ಮಾಂಸ ಮೀನು ಬಿಟ್ಟವ್ನೆ ಅಂತಾಳೆ. ಅವನು ಬಿಟ್ರೆ ಆಯ್ತಾ? ಮನೆ ಬಿಡ್ಬೇಕಲ್ಲ. ಮೀನಿನ ಮನೆಗೆ ಮಾತ್ರ ನನ್ ಮಗಳನ್ನ ಕಳಿಸಲ್ಲ. ಬೀಗರು ಏನೋ ಅಂಗಡಿ ಇಟ್ಟವ್ರಂತೆ. ನೀನು ಹೋಗಿ ನೋಡ್ಕಂಡು, ಮೂಸ್ಕಂಡು ಬಾ."

"ನಾನ್ಯಾಕಕ್ಕ? ಭಾವ ಹೋಗ್ಲಿ."

"ಅವರು ಹೋದ್ರೆ ಮಗಳು ಹೇಳಿದ್ದಕ್ಕೆಲ್ಲ ಹ್ಞೂ ಅಂದು ಬತ್ತಾರೆ. ನಿನ್ ಬಾಯಿ ಇದುವರೆಗೂ ಎರಡು ಸಂಬಂಧ ಮುರಿದೈತೆ. ಈಗೊಂದ್ಸಲ ಉಪಯೋಗಕ್ಕೆ ಬರ್ಲಿ."

ಮುರಿದದ್ದು ನಿಜ. ಶೈಲಾಗೆ ನೋಡಿದ ಬೀರೂರಿನ ಹುಡುಗ ಮಾತಿಗೆ ಮುಂಚೆ ಪ್ರತಿಸಲವೂ ಅಪ್ಪನ ಮುಖ ನೋಡುತ್ತಿದ್ದ. "ಉಸಿರಾಡೋಕೂ ಕೇಳ್ತಾನಾ?" ಅಂದೆ. ತರೀಕೆರೆಯವರು ತೋಟದ ಬಗ್ಗೆ ಕೊಚ್ಚಿಕೊಳ್ಳುತ್ತಿದ್ದಾಗ "ಖಾತೆ ದೊಡ್ಡಣ್ಣನ ಹೆಸರಲ್ಲಿ ಐತಲ್ಲ" ಅಂದೆ. ಕೊಟ್ಟ ಕಾಫಿ ಆರುವ ಮೊದಲೇ ಎದ್ದು ಬರಬೇಕಾಯಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ ಹಿರಿಯರು. ನನ್ನ ಬಾಯಲ್ಲಿ ಒಂದು ಸುಳ್ಳೂ ನಿಲ್ಲುವುದಿಲ್ಲ, ಏನು ಮಾಡಲಿ? ಹುಟ್ಟುಗುಣ.

ಬೀರೂರಿನಲ್ಲಿ ರೈಲು ಹತ್ತಿಸುವಾಗ ಅಕ್ಕ ಕಿಟಕಿಯಿಂದ ರಾಗಿಹಿಟ್ಟಿನ ಗಂಟು ತುರುಕಿ ಹೇಳಿದ್ದು ಇಷ್ಟೇ: "ನೀನು ಹ್ಞೂ ಅಂದ್ರೆ ಹ್ಞೂ. ಉಹ್ಞೂ ಅಂದ್ರೆ ಉಹ್ಞೂ."

ವಿಮಾನ ನಿಲ್ದಾಣ

ನಮ್ಮ ಮನೆತನದವರು ಕೊರಳಲ್ಲಿ ಲಿಂಗ ಕಟ್ಟುತ್ತೇವೆ. ಬೆಳ್ಳಿಯ ಕರಡಿಗೆಯೊಳಗೆ ಇಷ್ಟಲಿಂಗ, ಅದನ್ನು ಎದೆಯ ಮೇಲೆ ಹಿಡಿದಿಡುವ ಶಿವದಾರ. ನನ್ನದು ಅಪ್ಪ ಕಟ್ಟಿಸಿಕೊಟ್ಟದ್ದು. ಸ್ನಾನ, ಊಟ, ನಿದ್ದೆ, ಅಂಗಡಿ, ಯಾವಾಗಲೂ ಮೈಮೇಲೆಯೇ. ಬೆಂಗಳೂರಿನಲ್ಲಿ ಯಾರೂ ಏನೂ ಕೇಳಲಿಲ್ಲ. ಎಡಿನ್‌ಬರೋದಲ್ಲಿ ಇಳಿದ ಮೇಲೆ ತಪಾಸಣೆಯ ಹೆಣ್ಣುಮಗಳೊಬ್ಬಳು ನನ್ನ ಅಂಗಿಯೊಳಗಿನ ಉಬ್ಬನ್ನು ನೋಡಿ ನಿಲ್ಲಿಸಿದಳು.

"ಒಳಗೇನಿದೆ?"

"ದೇವರು."

ಆಕೆ ಸ್ವಲ್ಪ ಯೋಚಿಸಿದಳು. "ಬೇರೆ ಏನಾದರೂ?"

"ಇಲ್ಲಮ್ಮ. ಅಷ್ಟೇ."

ಆಕೆ ತಲೆಯಾಡಿಸಿ ದಾರಿ ಬಿಟ್ಟು, "ಇಬ್ಬರಿಗೂ ಸ್ವಾಗತ" ಎಂದಳು. ಅಣಕವೋ ಭಕ್ತಿಯೋ ತಿಳಿಯಲಿಲ್ಲ. ಆದರೂ ಆ ದೇಶದ ಮೇಲೆ ನನಗೆ ಒಳ್ಳೆಯ ಅಭಿಪ್ರಾಯ ಹುಟ್ಟಿದ್ದು ಅಲ್ಲಿಯೇ.

ಶೈಲಾ ಕಾರು ತಂದಿದ್ದಳು. ಅವಳಿರುವ ಊರು ಅಲ್ಲಿಂದ ದಕ್ಷಿಣಕ್ಕೆ, ಒಂದು ಹೊಳೆಯ ದಂಡೆಯ ಮೇಲೆ. ದಾರಿಯುದ್ದಕ್ಕೂ ಗುಡ್ಡ, ಗುಡ್ಡದ ತುಂಬ ಕುರಿ. ಯಗಟಿಯ ಕಡೆಯ ಕುರಿಗಳನ್ನು ಸೋಪು ಹಾಕಿ ತೊಳೆದು ಬಿಟ್ಟ ಹಾಗಿದ್ದವು. ಕಾಯುವವರು ಮಾತ್ರ ಒಬ್ಬರೂ ಕಾಣಲಿಲ್ಲ.

ಅಲ್ಲಿಯವರ ಇಂಗ್ಲಿಷು ನನಗೆ ಮೊದಲ ಒಂದು ಗಂಟೆ ಅರ್ಥವಾಗಲಿಲ್ಲ. ಆಮೇಲೆ ಒಂದು ವಿಷಯ ಹೊಳೆಯಿತು. ಅವರು ಪ್ರತಿ ಮಾತಿನ ಕೊನೆಗೂ "ಕೆನ್" ಎನ್ನುತ್ತಾರೆ. ಚಳಿ, ಕೆನ್. ಬಸ್ಸು ತಡ, ಕೆನ್. ಟೀ ಅಂಗಡಿಯ ಅಜ್ಜಿ ಹಾಲು ಬೇಕೇ ಎಂದು ಕೇಳಿದ ಮೇಲೂ ಒಂದು ಕೆನ್ ಸೇರಿಸಿದಳು. ಅಯ್ಯೋ, ಇದು ನಮ್ಮ "ಕಣ್ರೀ"! ಶೈಲಾಗೆ ಹೇಳಿದೆ, ಇವರು ಯಾವುದೋ ಕಾಲದಲ್ಲಿ ಕಡೂರಿನಿಂದ ಬಂದಿರಬೇಕು ಎಂದು. ಅವಳು ನಗಲಿಲ್ಲ. ಅವಳು ಏನನ್ನೋ ಹೇಳಬೇಕೆಂದು ಬಾಯಿ ತೆರೆಯುತ್ತಿದ್ದಳು, ಮತ್ತೆ ಗೇರ್ ಬದಲಿಸುತ್ತಿದ್ದಳು. ನನಗೆ ಆಗ ಗೊತ್ತಾಗಲಿಲ್ಲ. ಮುಂದೆ ಅವರ ಮಾತನ್ನೆಲ್ಲ ಕಣ್ರೀ ಸೇರಿಸಿಯೇ ಬರೆಯುತ್ತೇನೆ, ಅದೇ ಸರಿಯಾದ ಭಾಷಾಂತರ.

ದುಗ್ಗಪ್ಪನವರ ಅಂಗಡಿ

"ಅದೇ ಮಾವ, ಅವರ ಅಂಗಡಿ" ಎಂದು ಶೈಲಾ ಕಾರು ನಿಲ್ಲಿಸಿದಳು.

ಗಾಜಿನ ಕಿಟಕಿಯೊಳಗೆ ನೋಡಿದೆ. ನನ್ನ ಎದೆ ತುಂಬಿ ಬಂತು. ಗೋಡೆಯುದ್ದಕ್ಕೂ ಕಪ್ಪನೆಯ, ಹೊಳೆಯುವ, ತುದಿಗೆ ಹೋದಂತೆ ಸಣ್ಣಗಾಗುವ ಕಾರ್ಬನ್ ಕೋಲುಗಳು ಸಾಲಾಗಿ ನಿಂತಿದ್ದವು. ಬುಡದಲ್ಲಿ ಬೆಂಡಿನ ಹಿಡಿ. ಎಂಥ ನಯ! ಎಂಥ ಕೆಲಸ! ನಾನು ರಸ್ತೆಯಲ್ಲಿ ನಿಂತೇ ಅಕ್ಕನಿಗೆ ಫೋನು ಹಚ್ಚಿದೆ.

"ಅಕ್ಕಾ! ಬೀಗರದು ದೋಟಿ ಅಂಗಡಿ ಕಣೇ!"

"ಏನಂದೆ?"

"ದೋಟಿ ಅಂಗಡಿ! ಕಾರ್ಬನ್ ದೋಟಿ! ನಮ್ ಕಸುಬಿನೋರೇ ಕಣೇ ಇವರು. ಕಣ್ಣಾರೆ ನೋಡ್ತಾ ಇದೀನಿ."

ಆ ಕಡೆ ಅಕ್ಕ "ಶಿವ ಶಿವಾ" ಎಂದು ನಿಟ್ಟುಸಿರು ಬಿಟ್ಟದ್ದು, ಆಮೇಲೆ ಫೋನು ಆರಿಸದೆಯೇ ಪಕ್ಕದ ಮನೆಯವರನ್ನು ಕೂಗಿದ್ದು ಎರಡೂ ಕೇಳಿಸಿತು. ತಿರುಗಿ ನೋಡಿದರೆ ಶೈಲಾಳ ಮುಖ ಬಿಳುಚಿಕೊಂಡಿತ್ತು. "ಮಾವ..." ಎಂದಳು. ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಎಲ್ಲೋ ಒಂದು ಕುರಿಗೆ ಹೆರಿಗೆ ಕಷ್ಟವಾಗಿತ್ತು. "ನೀವು ಒಳಗೆ ಕೂತಿರಿ, ಬಂದ್ಬಿಡ್ತೀನಿ. ಜಾಸ್ತಿ ಮಾತಾಡ್ಬೇಡಿ ಮಾವ" ಎಂದು ಹೊರಟೇಬಿಟ್ಟಳು.

ಮಾತಾಡಬೇಡ ಎಂದರೆ? ಅಂಗಡಿಯವನು ಅಂಗಡಿಯವನ ಜೊತೆ ಮಾತಾಡದೆ ಇನ್ಯಾರ ಜೊತೆ ಮಾತಾಡಬೇಕು?

ದುಗ್ಗಪ್ಪನವರು ಕೆಂಪು ಮುಖದ, ಬಿಳಿ ಗಡ್ಡದ ಆಜಾನುಬಾಹು. ಕೈ ಕುಲುಕಿದರು. ಪರಿಚಯ ಆದಮೇಲೆ ನಾನು ಸೀದಾ ಕೋಲುಗಳ ಹತ್ತಿರ ಹೋಗಿ, ನಮ್ಮೂರಲ್ಲೂ ನನ್ನದು ಇದೇ ವ್ಯಾಪಾರ, ಆದರೆ ಈ ಥರದ್ದು ನೋಡಿಲ್ಲ, ನನಗೊಂದು ಆರಿಸಿಕೊಡಿ ಎಂದೆ. ಅವರ ಮುಖ ಅರಳಿದ್ದು ನೋಡಬೇಕಿತ್ತು. ಮದುವೆ ಮಾತಿಗೆ ಬಂದ ಹೆಣ್ಣಿನ ಸೋದರಮಾವ ಅದೇ ಕಸುಬಿನವನು ಎಂದರೆ ಯಾರಿಗೆ ಸಂತೋಷವಾಗುವುದಿಲ್ಲ?

"ಹಾಗಾದರೆ ಇದು ನಿಮ್ಮ ಮೊದಲನೇ ಫ್ಲೈ ರಾಡು" ಅಂದರು.

ಫ್ಲೈ ಅಂದರೆ ವಿಮಾನದಲ್ಲಿ ಒಯ್ಯುವಂಥದ್ದು ಎಂದುಕೊಂಡೆ. ತಪ್ಪೇನು? ಅವರು ಕೋಲನ್ನು ನಾಲ್ಕು ತುಂಡಾಗಿ ಬಿಡಿಸಿ ಕೈಯುದ್ದದ ಕೊಳವೆಗೆ ತುರುಕಿ ತೋರಿಸಿದರು. "ಹೌದೌದು, ಫ್ಲೈ ಆಗಬೇಕು, ಅದೇ ಮುಖ್ಯ" ಎಂದೆ.

"ನಿಮ್ಮ ಕಡೆ ಎಷ್ಟು ತೂಕದ್ದು ಬರುತ್ತೆ?"

"ಸಾಮಾನ್ಯ ಒಂದೂವರೆ ಕೆಜಿ. ಒಳ್ಳೇ ವರ್ಷ ಎರಡು."

ದುಗ್ಗಪ್ಪನವರು ಸಿಳ್ಳೆ ಹಾಕಿದರು. "ಎರಡು ಕೆಜಿ! ಅಂಥ ನೀರಿದೆಯಾ?"

"ಎಲ್ಲ ಬೋರ್‌ವೆಲ್ಲು."

ಅವರು ಗಡ್ಡ ಕೆರೆದುಕೊಂಡರು. "ಬೋರ್‌ವೆಲ್ಲಿನೊಳಗಾ?"

"ಮತ್ತೇನು! ಒಳ್ಳೇ ಆಳಾದರೆ ಬೆಳಗಿನಿಂದ ಸಂಜೆಗೆ ಸಾವಿರ ಕೆಡವುತ್ತಾನೆ."

ಅವರು ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತರು. "ಸಾವಿರ... ಅಷ್ಟನ್ನೂ ತಿನ್ನುತ್ತೀರಾ ಕಣ್ರೀ?"

"ಮನೆಗೆ ಬೇಕಾದಷ್ಟು ಇಟ್ಕೊಂಡು ಉಳಿದದ್ದನ್ನ ಅಟ್ಟದ ಮೇಲೆ ಹಾಕುತ್ತೇವೆ. ಒಂದು ವರ್ಷ ಹಾಗೇ ಬಿಟ್ಟರೆ ಒಳಗೇ ಒಣಗುತ್ತೆ."

"ಮನೆಯ ಅಟ್ಟದ ಮೇಲೆ? ವಾಸನೆ?"

"ಘಮ್ ಅನ್ನುತ್ತೆ. ಆಮೇಲೆ ಎಣ್ಣೆ ತೆಗೆಸುತ್ತೇವೆ. ದಿನಾ ತಲೆಗೆ ಹಚ್ಚೋದು ಅದನ್ನೇ." ನಂಬಿಕೆ ಬರಲೆಂದು ತಲೆ ಬಗ್ಗಿಸಿ ತೋರಿಸಿದೆ. ಅವರು ಅರ್ಧ ಹೆಜ್ಜೆ ಹಿಂದೆ ಸರಿದರು.

ಆದರೂ ಅಂಗಡಿಯವರು ಅಂಗಡಿಯವರೇ. ಸುಧಾರಿಸಿಕೊಂಡು ಎದ್ದು ಕೋಲು ಆರಿಸತೊಡಗಿದರು. ಹೊಸಬರಿಗೆ ಒಂಬತ್ತಡಿ ಸಾಕು ಎಂದರು. ನಮ್ಮವು ನಲವತ್ತಡಿ ಆಚೆ ಇರುತ್ತವಲ್ಲ ಎಂದೆ. "ಉಳಿದದ್ದನ್ನ ದಾರ ನೋಡ್ಕೊಳ್ಳುತ್ತೆ ಕಣ್ರೀ. ನಲವತ್ತಡಿ ಏನೂ ಅಲ್ಲ" ಎಂದರು. ದಾರ ಎಸೆದು ನಲವತ್ತಡಿ ಮೇಲಿನ ಗೊನೆ ಇಳಿಸುವ ವಿದ್ಯೆ! ವಿಜ್ಞಾನ ಎಲ್ಲಿಗೆ ಬಂತಪ್ಪಾ ಎಂದುಕೊಂಡೆ. ಒಂದು ಕೋಲಿನ ತುದಿ ಹಿಡಿದು ಬಗ್ಗಿಸಿದರೆ ಅದು ಕಮಾನಿನಂತೆ ಬಾಗಿತು. ನನ್ನ ಅಂಗಡಿಯಲ್ಲಿ ಹೀಗೆ ಬಾಗಿದ್ದರೆ ಗಿರಾಕಿ ನನ್ನ ತಲೆಯ ಮೇಲೆ ಮುರಿಯುತ್ತಿದ್ದ.

"ಇದು ಬಗ್ಗುತ್ತಲ್ರೀ!"

"ಬಗ್ಗಲೇಬೇಕು ಕಣ್ರೀ. ಬಗ್ಗದ್ದು ಮುರಿಯುತ್ತೆ. ಹೊಸಬರಿಗೆ ತೀರಾ ಬಿಗಿಯೂ ಬೇಡ, ತೀರಾ ಬಳುಕೂ ಬೇಡ."

ಕೊನೆಗೆ ನಡುಬಳುಕಿನ ಒಂದು ಕೋಲು ಆರಿಸಿ, ಬುಡಕ್ಕೆ ಒಂದು ಚಕ್ರ ಸಿಕ್ಕಿಸಿ, ನನ್ನ ಕೈಗೆ ಕೊಟ್ಟು, ನನ್ನ ಫೋನಿನಲ್ಲೇ ಫೋಟೋ ತೆಗೆದರು. ಚಕ್ರ ಯಾಕೆಂದು ಒಂದು ಕ್ಷಣ ಅನ್ನಿಸಿತು. ಗೊನೆ ಇಳಿಸುವ ಹಗ್ಗ ಸುತ್ತುವುದಕ್ಕೆ ಇರಬೇಕು ಎಂದು ನಾನೇ ಸಮಾಧಾನ ಹೇಳಿಕೊಂಡು ಫೋಟೋವನ್ನು ಅಕ್ಕನಿಗೆ ಕಳಿಸಿದೆ.

"ಇನ್ನು ನೊಣ" ಎಂದರು ದುಗ್ಗಪ್ಪನವರು.

"ಯಾವ ನೊಣ?"

ಅವರು ಒಂದು ಡ್ರಾ ಎಳೆದರು. ಒಳಗೆ ಅಚ್ಚುಕಟ್ಟಾದ ಗೂಡುಗಳಲ್ಲಿ ನೂರಾರು ನೊಣ. ಗರಿಯಲ್ಲಿ, ಕೂದಲಲ್ಲಿ, ದಾರದಲ್ಲಿ ಕಟ್ಟಿದ ನೊಣ. ನಮ್ಮಲ್ಲಿ ಬೆಲ್ಲದಂಗಡಿಯಲ್ಲಿ ಬಿಟ್ಟಿ ಸಿಗುತ್ತವೆ, ಇಲ್ಲಿ ಕಾಸು ಕೊಟ್ಟು ಕೊಳ್ಳುತ್ತಾರಲ್ಲ ಎಂದು ಒಂದನ್ನು ಎತ್ತಿದೆ. ಬೆರಳಿಗೆ ಚುರ್ರೆಂದು ಚುಚ್ಚಿತು. ನೊಣದ ಹೊಟ್ಟೆಯಿಂದ ಕೊಕ್ಕೆ ಹೊರಬಂದಿತ್ತು.

ಗಾಳ! ಫ್ಲೈ ಎಂದರೆ ಮೀನಿಗೆ ಒಡ್ಡುವ ಈ ನೊಣ!

ಆಗ ತಲೆಯೆತ್ತಿ ನೋಡಿದೆ. ನನ್ನ ತಲೆಯ ಮೇಲೆಯೇ, ಗಾಜಿನ ಪೆಟ್ಟಿಗೆಯೊಳಗಿನಿಂದ ಮೊಳದುದ್ದದ ಮೀನೊಂದು ಬಾಯಿ ಕಳೆದುಕೊಂಡು ನನ್ನನ್ನೇ ನೋಡುತ್ತಿತ್ತು. ಅಷ್ಟು ಹೊತ್ತು ಕೋಲು ಬಿಟ್ಟು ನಾನು ಬೇರೇನನ್ನೂ ನೋಡಿರಲಿಲ್ಲ. "ಸ್ವಾಮೀ, ನಾನು ಹೇಳಿದ್ದು ತೆಂಗಿನಕಾಯಿ!" ಎಂದು ಕೂಗಿ, ಮರ, ಮರ ಹತ್ತುವುದು, ಕಾಯಿ ಬೀಳುವುದು ಎಲ್ಲವನ್ನೂ ಕೈಕಾಲು ಆಡಿಸಿ ತೋರಿಸಿದೆ.

ದುಗ್ಗಪ್ಪನವರು ಗಲ್ಲಾಪೆಟ್ಟಿಗೆ ಹಿಡಿದುಕೊಂಡು ನಕ್ಕರು ನೋಡಿ, ಬೀದಿಯವರು ಇಣುಕಿ ನೋಡಿದರು. ಕಣ್ಣೊರೆಸಿಕೊಂಡು ಅದೇ ಕೋಲನ್ನು ಕೊಳವೆಗೆ ಹಾಕಿ ನನ್ನ ಕಂಕುಳಿಗೆ ಸಿಕ್ಕಿಸಿ, ಇದು ಉಡುಗೊರೆ, ಭಾನುವಾರ ಹೊಳೆಗೆ ಹೋಗೋಣ ಎಂದರು. ನಾನು ನಗಲಿಲ್ಲ. ಅಕ್ಕ ಇಷ್ಟರಲ್ಲಿ ಪಂಚನಹಳ್ಳಿಗೆಲ್ಲ ಸಕ್ಕರೆ ಹಂಚಿರುತ್ತಾಳೆ ಎನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಶೈಲಾಳ ಅಡಿಗೆಮನೆ

ಆ ಸಂಜೆ ಹುಡುಗನನ್ನು ನೋಡಿದೆ. ಉದ್ದಕ್ಕೆ, ಸಣ್ಣಗೆ, ನನ್ನ ಮುಂದೆ ಬಂದು ಎರಡೂ ಕೈ ಜೋಡಿಸಿ ಗಂಭೀರವಾಗಿ ಹೇಳಿದ:

"ಏನ್ಲೇ ಮಾವ, ಊಟ ಆಯ್ತಾ?"

ನನ್ನ ರಕ್ತ ನೆತ್ತಿಗೇರಿತು. "ಏನಂದೆ?"

"ಮಾವ, ಬೈಬೇಡಿ" ಎಂದಳು ಶೈಲಾ. "ತಮಾಷೆಗೆ ಹೇಳಿಕೊಟ್ಟೆ. ಈಗ ಬಿಡಿಸೋಕೆ ಆಗ್ತಿಲ್ಲ. ಅವನಿಗೆ ಬರೋ ಕನ್ನಡ ಅದೊಂದೇ."

ಅವಳು ಮುದ್ದೆ ಮಾಡಿದ್ದಳು. ಹುಡುಗ ಮುದ್ದೆಯನ್ನು ಬಾಯಿಗಿಟ್ಟು ಅಗಿಯತೊಡಗಿದ. ಅಗಿದ, ಅಗಿದ, ಅಗಿಯುತ್ತಲೇ ಇದ್ದ. ನಾವಿಬ್ಬರೂ ಎರಡನೇ ಮುದ್ದೆ ಮುಗಿಸಿದರೂ ಅವನ ಮೊದಲನೇ ತುತ್ತು ಬಾಯಲ್ಲೇ ಇತ್ತು. ನುಂಗಬೇಕಪ್ಪ ಎಂದು ಗಂಟಲು ಮುಟ್ಟಿ ತೋರಿಸಿದೆ. ನುಂಗಿದ, ಕಣ್ಣಲ್ಲಿ ನೀರು ಬಂತು, ಇನ್ನೊಂದು ತುತ್ತು ಮುರಿದ. ಛಲವಿದೆ ಎಂದುಕೊಂಡೆ.

ಅವನು ಹೋದ ಮೇಲೆ ಶೈಲಾ ನನ್ನೆದುರು ಕುಳಿತಳು.

"ಮೊದಲೇ ಹೇಳಿದ್ರೆ ಅಮ್ಮ ನಿಮ್ಮನ್ನ ಕಳಿಸ್ತಾನೇ ಇರ್ಲಿಲ್ಲ ಮಾವ. ಅವರು ಮೀನು ಹಿಡೀತಾರೆ, ನಿಜ. ತಿನ್ನಲ್ಲ. ಹಿಡಿದು ಬಿಟ್ಬಿಡ್ತಾರೆ. ಇದನ್ನ ಅಮ್ಮಂಗೆ ಹೇಗೆ ಹೇಳ್ಲಿ?"

"ಹಿಡಿದು ಬಿಡೋದಾ? ಬಿಡೋದಾದ್ರೆ ಹಿಡಿಯೋದ್ಯಾಕೆ?"

"ನಂಗೂ ಗೊತ್ತಿಲ್ಲ. ಆದ್ರೆ ನೀವು ಅಮ್ಮಂಗೆ ನಿಜಾನೇ ಹೇಳ್ತೀರ, ಅದು ಗೊತ್ತು. ಬೀರೂರಿನದು, ತರೀಕೆರೆಯದು ನಿಮ್ಮ ಬಾಯಿಂದ ಹೋಯ್ತು, ಒಳ್ಳೇದೇ ಆಯ್ತು. ಇದು ಹೋದ್ರೆ ನಂಗೆ ಇನ್ನೊಂದು ಬೇಡ ಮಾವ." ಅಷ್ಟು ಹೇಳಿ ಅವಳು ತಟ್ಟೆಗಳನ್ನು ಎತ್ತಿಕೊಂಡು ಎದ್ದಳು. ನಲ್ಲಿಯ ಸದ್ದಿನಲ್ಲಿ ಅಳು ಮುಚ್ಚಿಕೊಳ್ಳುತ್ತಿದ್ದಳು. ನಾನು ಎತ್ತಿ ಆಡಿಸಿದ ಮಗು ಅದು. ಆದರೂ ಸುಳ್ಳು ಹೇಳುತ್ತೇನೆಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ.

ಮರುದಿನ ಹುಡುಗನ ಮನೆಗೆ ಹೋಗಿ ಅಕ್ಕನ ಅಪ್ಪಣೆ ನೆರವೇರಿಸಿದೆ. ಅಡಿಗೆಮನೆ, ನಡುಮನೆ, ಬೀರು, ಮೆಟ್ಟಿಲ ಕೆಳಗಿನ ಗೂಡು, ಎಲ್ಲ ಕಡೆ ಮೂಸಿದೆ. ಒದ್ದೆ ನಾಯಿಯ ವಾಸನೆ ಇತ್ತು, ಹಳೇ ಪುಸ್ತಕದ ವಾಸನೆ ಇತ್ತು. ಮೀನಿನದು ಇರಲಿಲ್ಲ. ನೆಗಡಿಯೇ ಎಂದು ದುಗ್ಗಪ್ಪನವರು ಕೇಳಿ ಮೂಗಿಗೆ ಹಾಕುವ ಔಷಧಿ ತಂದುಕೊಟ್ಟರು.

ಅಕ್ಕ ದಿನಾ ಫೋನು ಮಾಡುತ್ತಿದ್ದಳು. ನಿಜ ಹೇಳಿದರೆ ಈ ಹುಡುಗಿಯ ಬಾಳು ಹೋಗುತ್ತದೆ, ಸುಳ್ಳು ಹೇಳಲು ನನಗೆ ಬರುವುದಿಲ್ಲ. ಹಾಗಾಗಿ ಫೋನೇ ಎತ್ತಲಿಲ್ಲ.

ಹೊಳೆದಂಡೆ

ಭಾನುವಾರ ಬೆಳಗ್ಗೆ ಶೈಲಾ, ಹುಡುಗ, ದುಗ್ಗಪ್ಪನವರು, ಅವರ ನಾಯಿ, ನಾನು, ಎಲ್ಲ ಹೊಳೆಗೆ ಹೋದೆವು. ನೀರು ಎಂಥದ್ದು ಎಂದರೆ ಬೆರಳಿಟ್ಟರೆ ಬೆರಳು ನನ್ನದಲ್ಲ ಅನ್ನಿಸುತ್ತಿತ್ತು. ಹುಡುಗ ಬಂದು "ಏನ್ಲೇ ಮಾವ, ಊಟ ಆಯ್ತಾ?" ಎಂದು ವಿಚಾರಿಸಿ, ನನ್ನ ದಾರದ ತುದಿಗೆ ನೊಣ ಕಟ್ಟಿ, ಇಕ್ಕಳದಲ್ಲಿ ಕೊಕ್ಕೆಯ ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿದ. ಹಾಗೆ ಮಾಡಿದರೆ ಕಚ್ಚಿಕೊಂಡ ಪ್ರಾಣಿಗೆ ನೋವು ಕಡಿಮೆಯಂತೆ, ಬಿಡಿಸುವುದು ಸಲೀಸಂತೆ. ನಾನು ಮೀನು ಹಿಡಿಯುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಮೀನೂ ನಿಮ್ಮನ್ನು ಹಿಡಿಯಲು ಬಿಡುವುದಿಲ್ಲ, ಸುಮ್ಮನೆ ಬೀಸಿ ಕಣ್ರೀ ಎಂದರು ದುಗ್ಗಪ್ಪನವರು.

ಅವರೇ ಮೊದಲು ಬೀಸಿ ತೋರಿಸಿದರು. ಸ್ವಲ್ಪ ಹೊತ್ತಿಗೆ ಒಂದು ಮೀನು ಸಿಕ್ಕಿತು. ಅದನ್ನು ಮುಟ್ಟುವ ಮೊದಲು ಆ ಕೊರೆಯುವ ನೀರಿನಲ್ಲಿ ಎರಡೂ ಕೈ ಅದ್ದಿದರು. ಒಣಗೈಯಲ್ಲಿ ಹಿಡಿದರೆ ಮೀನಿನ ಮೈ ಸುಲಿಯುತ್ತದಂತೆ. ಕೊಕ್ಕೆ ಬಿಡಿಸಿ ನೀರೊಳಗೇ ಸ್ವಲ್ಪ ಹೊತ್ತು ಹಿಡಿದುಕೊಂಡು, ಅದು ಬಾಲ ಒದ್ದಾಗ ಬಿಟ್ಟರು.

"ಬಿಡೋದಾದರೆ ಹಿಡಿಯೋದ್ಯಾಕ್ರೀ?" ಎಂದೆ.

"ಬಿಡದಿದ್ದರೆ ನಾಳೆ ಏನು ಹಿಡೀಲಿ ಕಣ್ರೀ?"

"ತಿನ್ನಬಹುದಲ್ಲ?"

ಅವರು ಮುಖ ಕಿವುಚಿದರು. "ನನಗೆ ಮೀನು ಸೇರಲ್ಲ. ಚಿಕ್ಕಂದಿನಿಂದಲೂ."

ಮೀನು ತಿನ್ನದವನು, ಮೀನು ಹಿಡಿದು, ಮೀನು ಬಿಟ್ಟು, ಅದಕ್ಕೆ ಒಂದು ಅಂಗಡಿ ಇಟ್ಟಿದ್ದಾನೆ! ನಮ್ಮಲ್ಲಾಗಿದ್ದರೆ ಇಷ್ಟರಲ್ಲಿ ಯಾರಾದರೂ ತಲೆ ಕೆಟ್ಟಿದೆಯೆಂದು ಯಂತ್ರ ಕಟ್ಟಿಸುತ್ತಿದ್ದರು.

ನನ್ನ ಸರದಿ ಬಂತು. "ಹಿಂದಕ್ಕೆ ಬೀಸಿ ಒಂದು ಗಂಟೆಗೆ ನಿಲ್ಲಿಸಬೇಕು ಕಣ್ರೀ" ಎಂದರು.

"ಈಗಿನ್ನೂ ಹತ್ತು. ಮೂರು ಗಂಟೆ ಬೀಸ್ತಾನೇ ಇರಬೇಕಾ?"

ಗಡಿಯಾರದ ಮುಳ್ಳು ಒಂದರ ಮೇಲಿದ್ದ ಹಾಗೆ ಕೋಲು ನಿಲ್ಲಬೇಕಂತೆ. ಹಾಗೆ ಬಿಡಿಸಿ ಹೇಳಬೇಕಪ್ಪ! ನಾನು ಚಿಕ್ಕವನಿದ್ದಾಗ ಎತ್ತಿನ ಗಾಡಿ ಹೊಡೆದವನು. ಬಾರುಕೋಲು ಬೀಸಿದ ಹಾಗೆ ಪೂರ್ತಿ ತೋಳೆತ್ತಿ ಹಿಂದಕ್ಕೊಮ್ಮೆ ಬೀಸಿದೆ. ದಾರ ಸುಯ್ಯೆಂದು ಹೋಯಿತು. ವಾಪಸು ಬರಲಿಲ್ಲ. ಎಳೆದೆ. ಅದು ನನ್ನನ್ನು ಎಳೆಯಿತು.

ತಿರುಗಿ ನೋಡಿದರೆ ದಪ್ಪನೆಯ ಒಂದು ಕುರಿ, ಹಿಂಭಾಗದ ಉಣ್ಣೆಯಲ್ಲಿ ನನ್ನ ನೊಣ ಸಿಕ್ಕಿಸಿಕೊಂಡು ನನ್ನನ್ನೇ ನೋಡುತ್ತಿತ್ತು. ಆಮೇಲೆ ಓಡಿತು. ಚಕ್ರ ಕಿರ್ರೆಂದು ಕೂಗತೊಡಗಿತು.

"ಓಡಲು ಬಿಡಿ! ಕೋಲು ಮೇಲಕ್ಕೆ! ಕೋಲು ಮೇಲಕ್ಕೆ!" ದುಗ್ಗಪ್ಪನವರು ಅಭ್ಯಾಸಬಲದಿಂದ ಕೂಗುತ್ತಿದ್ದರು.

ಉಡುಗೊರೆಯ ಕೋಲು, ಬಿಡಲು ಮನಸ್ಸು ಬರಲಿಲ್ಲ. ಕುರಿಯ ಹಿಂದೆ ನಾನು, ನನ್ನ ಹಿಂದೆ ದುಗ್ಗಪ್ಪನವರು, ಅವರ ಹಿಂದೆ ನಾಯಿ. ಶೈಲಾ ಅಡ್ಡ ಬಂದು ಕುರಿಯನ್ನು ಕೆಡವಿಕೊಂಡಳು, ಎಷ್ಟಾದರೂ ಡಾಕ್ಟರು. ಅಷ್ಟರಲ್ಲಿ ನನ್ನ ಕಾಲು ಜಾರಿ, ದಂಡೆಯಿಂದ ಉರುಳಿ ನೀರಿಗೆ ಬಿದ್ದೆ. ಮೊಣಕಾಲುದ್ದದ ನೀರು. ಮುಳುಗಲಿಲ್ಲ. ಎದ್ದು ನಿಂತು, ಎಂದಿನ ಹಾಗೆ ಎದೆ ಮುಟ್ಟಿಕೊಂಡೆ.

ಕೊರಳು ಬರಿದಾಗಿತ್ತು.

ಶಿವದಾರ ಬೇಲಿಯ ತಂತಿಗೋ ಪೊದೆಗೋ ಸಿಕ್ಕಿ ಹರಿದು, ನಾನು ಬಿದ್ದಾಗ ಕರಡಿಗೆ ಕಳಚಿ ಹೊಳೆ ಸೇರಿರಬೇಕು. ಅಪ್ಪ ಕಟ್ಟಿಸಿದ ಲಿಂಗ. ನನಗೆ ಲೋಕವೇ ನಿಂತ ಹಾಗಾಯಿತು. "ನನ್ನ ದೇವರು, ಶೈಲಾ, ನನ್ನ ದೇವರು ಹೋಯ್ತಲ್ಲೇ" ಎಂದು ಮಕ್ಕಳ ಹಾಗೆ ಅತ್ತುಬಿಟ್ಟೆ. ನಾಚಿಕೆಯೇನೂ ಇಲ್ಲ ಹೇಳಿಕೊಳ್ಳಲು.

ಹುಡುಗ ಯಾವಾಗ ನೀರಿಗಿಳಿದನೋ ನಾನು ನೋಡಲಿಲ್ಲ. ಕೆಳಗಡೆ, ಹೊಳೆ ಸೆಳೆಯುವ ಕಡೆ, ಸೊಂಟದುದ್ದ ನೀರಿನಲ್ಲಿ ಬಗ್ಗಿ ನಿಂತಿದ್ದ. ಶೈಲಾಗೆ ಏನೋ ಕೂಗಿದ. ಅವಳು ಕುರಿಯ ಮೇಲೆ ಕುಳಿತೇ ನನಗೆ ತಿರುಗಿಸಿ ಹೇಳಿದಳು:

"ಮಾವ, ಅವನಿಗೆ ಸಿಕ್ಕಿದೆ. ಮುಟ್ಟಬಹುದಾ ಅಂತ ಕೇಳ್ತಿದಾನೆ."

ನಾನು ಎದ್ದುಬಿದ್ದು ಹತ್ತಿರ ಹೋದೆ. ತಿಳಿನೀರಿನ ತಳದಲ್ಲಿ, ಕಲ್ಲುಗಳ ನಡುವೆ ಕರಡಿಗೆ ಹೊಳೆಯುತ್ತಿತ್ತು. ಹುಡುಗ ಅದರ ಎರಡೂ ಕಡೆ ಅಂಗೈ ಅಡ್ಡ ಹಿಡಿದು, ಸೆಳವು ಒಯ್ಯದ ಹಾಗೆ ಕಾಯುತ್ತಿದ್ದ. ಮುಟ್ಟಿರಲಿಲ್ಲ. ಹಲ್ಲು ಕಟಕಟ ಎನ್ನುತ್ತಿತ್ತು, ತುಟಿ ನೀಲಿಯಾಗಿತ್ತು, ಗಲ್ಲದವರೆಗೂ ನೀರು ಬಡಿಯುತ್ತಿತ್ತು. ನಾನು ಹೋಗಿ ಮುಟ್ಟುವವರೆಗೂ ಆ ಕೈಗಳು ಅಲ್ಲಾಡಲಿಲ್ಲ. ಕರಡಿಗೆ ತೆಗೆದು ಕಣ್ಣಿಗೊತ್ತಿಕೊಂಡೆ. ಅವನು ನೆಟ್ಟಗಾಗಿ, ನಡುಗುತ್ತ, ಏನಾದರೂ ಹೇಳಲೇಬೇಕೆಂದು ಹೇಳಿದ:

"ಏನ್ಲೇ ಮಾವ. ಊಟ ಆಯ್ತಾ?"

"ಆಯ್ತು ಕಣಪ್ಪ" ಎಂದು ಅವನ ತಲೆ ಸವರಿದೆ. ನನ್ನ ಟವೆಲನ್ನು ಅವನಿಗೆ ಸುತ್ತಿದೆ. ಅದೂ ಒದ್ದೆಯಾಗಿತ್ತು, ನನಗೆ ತೋಚಲಿಲ್ಲ.

ಬಸ್ ಸ್ಟಾಪು

ಹೊರಡುವ ದಿನ ಶೈಲಾಗೆ ಮತ್ತೆ ಕುರಿ ಹೆರಿಗೆ. ಎಡಿನ್‌ಬರೋದ ಬಸ್ಸಿಗೆ ನಾನೊಬ್ಬನೇ ಕಾದು ನಿಂತೆ. ನನ್ನ ಮುಂದೆ ಒಬ್ಬಳು ಮುದುಕಿ. ಇದ್ದದ್ದು ಇಬ್ಬರೇ, ಆದರೂ ಆಕೆ ನನ್ನನ್ನು ಕೈಹಿಡಿದು ತನ್ನ ಹಿಂದೆ ನಿಲ್ಲಿಸಿಕೊಂಡಳು, ಸಾಲಂತೆ. ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ನನಗೆ ಕೈಕಾಲು ಕಟ್ಟಿಹಾಕಿದ ಹಾಗಾಗಿತ್ತು. ಅಷ್ಟರಲ್ಲಿ ಅಕ್ಕನ ಫೋನು. ಈ ಸಲ ಎತ್ತಿದೆ.

"ಸತ್ತಿದ್ದೀಯೋ ಬದುಕಿದ್ದೀಯೋ? ಹುಡ್ಗ ಹೆಂಗೋ?"

"ಚಿನ್ನ ಕಣಕ್ಕ."

"ಮನೇಲಿ ವಾಸನೆ?"

"ನಾಯಿದೈತೆ. ಮೀನಿಂದಿಲ್ಲ. ನಿನ್ನಾಣೆ."

"ಅಂಗಡಿ?"

ಅಂಗೈ ಬೆವರಿತು. ಆ ಚಳಿಯಲ್ಲಿ! ಎದೆಯ ಮೇಲಿನ ಕರಡಿಗೆ ಹಿಡಿದುಕೊಂಡೆ, ಆಮೇಲೆ ಸುಳ್ಳು ಹೇಳುವಾಗ ಹಿಡಿಯಬಾರದೆಂದು ಬಿಟ್ಟೆ.

"ಅದೇ... ದೋಟಿ ಅಂಗಡಿ ಕಣಕ್ಕ."

ಆ ಕಡೆ ಪಂಚನಹಳ್ಳಿಯ ಮನೆಯ ಫ್ಯಾನು ತಿರುಗುವುದು ಕೇಳಿಸುತ್ತಿತ್ತು.

"ದೋಟಿಗೆ ಚಕ್ರ ಯಾಕೋ?" ಎಂದಳು ಅಕ್ಕ.

"ಅದು... ಗೊನೆ ಇಳಿಸೋ ಹಗ್ಗ ಸುತ್ತೋಕೆ."

"ನಿನ್ ತಲೆ ಮೇಲೆ ಗಾಜಿನ ಡಬ್ಬೀಲಿ ಬಾಯಿ ಕಳ್ಕಂಡು ನೇತಾಡ್ತಾ ಇತ್ತಲ್ಲ, ಅದೇನು, ತೆಂಗಿನಕಾಯಾ?"

ಎಲ್ಲ ಮುಗಿಯಿತು, ನನ್ನ ಬಾಯಿಂದ ಮೂರನೇ ಸಂಬಂಧವೂ ಹೋಯಿತು ಎಂದುಕೊಂಡೆ. ಈ ಸಲ ಸುಳ್ಳು ಹೇಳಿ ಹೋಯಿತು, ಅದೊಂದೇ ವ್ಯತ್ಯಾಸ.

"ಫೋಟೋ ನೋಡಿದ ಕೂಡ್ಲೇ ಗೊತ್ತಾಯ್ತು ಕಣೋ" ಎಂದಳು ಅಕ್ಕ. "ಅಷ್ಟೊತ್ತಿಗೆ ಬೀದಿಗೆಲ್ಲ ದೋಟಿ ಅಂಗಡಿ ಅಂತ ಹೇಳಿ ಆಗಿತ್ತು. ಅವತ್ತಿಂದ ಸರಿಯಾಗಿ ಅನ್ನ ಇಳಿದಿಲ್ಲ ನಂಗೆ. ಪರಮೇಶಿ ಫೋನ್ ಮಾಡ್ತಾನೆ, ಇದ್ದದ್ದು ಇದ್ದಂಗೆ ಹೇಳಿ ಬೇಡ ಅಂತಾನೆ, ಮಗಳು ಅಳ್ತಾಳೆ ಅಂತ ಕಾದೇ ಕಾದೆ. ತಿಂತಾರೇನೋ?"

"ಇಲ್ಲ ಕಣೇ. ಹಿಡಿದು ಬಿಡ್ತಾರೆ."

"ಬಿಡೋದಾದ್ರೆ ಹಿಡಿಯೋದ್ಯಾಕೋ?"

"ನಾನೂ ಅದ್ನೇ ಕೇಳ್ದೆ."

ಅಕ್ಕ ಮೂಗು ಸುರ್ರೆಂದು ಎಳೆದುಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ.

"ಲೇ ಪರಮೇಶಿ, ಹುಟ್ಟಿದಾಗಿಂದ ನನ್ ಹತ್ರ ನೀನು ಒಂದು ಸುಳ್ಳೂ ಹೇಳ್ದೋನಲ್ಲ. ನನ್ ಮದುವೇಲೇ ನಿಮ್ ಭಾವನ ಬೊಕ್ಕತಲೆ ತೋರಿಸಿ ಕೂಗಿದ್ದೆ. ಅಂಥೋನು ಒಬ್ಬ ಹುಡುಗಂಗೋಸ್ಕರ ಸುಳ್ಳು ಹೇಳ್ದ ಅಂದ್ರೆ, ಆ ಹುಡ್ಗ ಎಂಥೋನಿರ್ಬೇಕು! ನಂಗೆ ಅಷ್ಟು ಸಾಕು. ಸಾವಿರ ಹೇಳಿ ಮಾಡೋ ಮದುವೇನ ನೀನು ಒಂದ್ರಲ್ಲೇ ಮುಗಿಸ್ದೆ. ಹ್ಞೂ ಅನ್ನು ಅವರಿಗೆ."

ಬಸ್ಸು ಬಂತು. ಮುದುಕಿ ಹತ್ತಿದಳು, ನಾನು ಹತ್ತಿದೆ. ಡ್ರೈವರು ನನ್ನ ಕಂಕುಳಲ್ಲಿದ್ದ ಕೊಳವೆ ನೋಡಿ, ಎಷ್ಟು ಸಿಕ್ಕಿತು ಎಂದು ಕೇಳಿದ. ಒಂದು ಕುರಿ ಎಂದೆ. ಅವನು ತಲೆಯಾಡಿಸಿ ಟಿಕೇಟು ಕೊಟ್ಟ. ಫೋನು ಇನ್ನೂ ಕಿವಿಯ ಹತ್ತಿರವೇ ಇತ್ತು, ಅಕ್ಕ ಏನೋ ಹೇಳುತ್ತಿದ್ದಳು.

"ಏನಕ್ಕ? ಕೇಳಿಸ್ಲಿಲ್ಲ."

"ಬೀರೂರಲ್ಲಿ ಇಳಿಯೋಕೆ ಮುಂಚೆ ಆ ಚಕ್ರ ಬಿಚ್ಚಿ ಚೀಲಕ್ಕೆ ಹಾಕ್ಕೊ ಅಂದೆ. ಊರೋರೆಲ್ಲ ದೋಟಿ ನೋಡೋಕೆ ಸ್ಟೇಷನ್ನಿಗೆ ಬತ್ತಾವ್ರೆ."